ಬೈಕಿಗೊಂದು ಉಲಾಂಡಿ

ನನ್ನ ಹೆಂಡತಿಗೆ ಬಸ್ಸು ಆಗಿಬರುವುದಿಲ್ಲ. ಹತ್ತಿ ಎರಡು ಊರು ದಾಟುವುದರೊಳಗೆ ಹೊಟ್ಟೆ ತೊಳೆಸಿ ಕಿಟಕಿಗೆ ತಲೆ ಕೊಟ್ಟು ಕೂರುತ್ತಾಳೆ. ಬಸ್ ಡ್ರೈವರನ ಹೆಂಡತಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ ಎಂದು ನಾನು ರೇಗಿಸಿದ್ದಕ್ಕೆ ಲೆಕ್ಕವಿಲ್ಲ. ಅವಳು ಕಾಳಿ ನದಿ ಸಮುದ್ರ ಸೇರುವಲ್ಲಿರುವ ದೇವಬಾಗದ ಮೀನುಗಾರರ ಮನೆಯ ಮಗಳು. ಎಂಥ ತೆರೆಯಲ್ಲೂ ದೋಣಿಯಲ್ಲಿ ಕೂತು ಅವಲಕ್ಕಿ ತಿನ್ನಬಲ್ಲಳು. "ಸಮುದ್ರ ತೂಗ್ತದೆ, ನಿಮ್ಮ ಬಸ್ಸು ಕುಲುಕ್ತದೆ. ಎರಡೂ ಒಂದೇ ಅಲ್ಲ," ಎನ್ನುತ್ತಾಳೆ.

ಹೀಗಾಗಿ ಕೆಲಸದಲ್ಲಿದ್ದಷ್ಟು ಕಾಲ ಊರವರನ್ನೆಲ್ಲ ಎಲ್ಲೆಲ್ಲಿಗೋ ಮುಟ್ಟಿಸಿದೆ, ಅವಳನ್ನು ಮಾತ್ರ ಅಂಕೋಲೆಯ ಪೇಟೆಯಿಂದಾಚೆ ಕರೆದೊಯ್ಯಲಿಲ್ಲ. ಅವಳಿಗಿದ್ದ ಆಸೆಯೂ ಒಂದೇ. ಅವಳಪ್ಪ ದೊಡ್ಡ ದೋಣಿಯಲ್ಲಿ ದಕ್ಷಿಣಕ್ಕೆ ಮೀನಿಗೆ ಹೋಗುವಾಗ ದಂಡೆಯ ಗುಡ್ಡಗಳನ್ನು ನೋಡಿಯೇ ದಾರಿ ಹಿಡಿಯುತ್ತಿದ್ದವರು. ಗುಡ್ಡಗಳಿಗೆ ದೋಣಿಯವರೇ ಇಟ್ಟ ಹೆಸರುಗಳಿದ್ದವು: ಬೋಳು ಗುಡ್ಡ, ಮಡಕೆ ಗುಡ್ಡ, ಎರಡು ತಲೆ ಗುಡ್ಡ. ಊಟಕ್ಕೆ ಕೂತಾಗ ಮಗಳಿಗೆ ಅವನ್ನು ಸಾಲಾಗಿ ಹೇಳುತ್ತಿದ್ದರಂತೆ. "ಅಪ್ಪ ಗುಡ್ಡಗಳ ಮುಖ ನೋಡ್ದ. ನಂಗೆ ರಸ್ತೆಯಿಂದ ಅವುಗಳ ಬೆನ್ನು ನೋಡ್ಬೇಕು," ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಅಷ್ಟು ದಿನ ಹೂಂಗುಟ್ಟಿಕೊಂಡೇ ಬಂದಿದ್ದೆ.

ನಿವೃತ್ತನಾದ ಮೇಲೆ ಕಾರವಾರದಲ್ಲಿ ಒಬ್ಬರ ಅಂಗಳದಲ್ಲಿ ಆ ಹಳೆಯ ಬೈಕು ಕಂಡಿತು. ದೂರದ ಪ್ರಯಾಣಕ್ಕೆಂದೇ ಮಾಡಿದ ದಪ್ಪ ಟ್ಯಾಂಕಿನ, ಅಗಲ ಸೀಟಿನ ಗಾಡಿ. ಉಪ್ಪುಗಾಳಿ ತಿಂದು ಚಕ್ರದ ಕಡ್ಡಿಗಳೆಲ್ಲ ಕೆಂಪಾಗಿದ್ದವು. ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಬಸ್ಸಿನಂತೆ ಕುಲುಕುವುದಿಲ್ಲ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು, ಗಾಳಿಯೂ ಬರುತ್ತದೆ. ಮನೆಗೆ ತಂದೆ. ಅಂಕೋಲೆ ಹತ್ತಿರದ ಹಟ್ಟಿಕೇರಿಯ ನಮ್ಮ ಅಂಗಳದಲ್ಲಿ ಅವಳು ಅದಕ್ಕೊಂದು ಸುತ್ತು ಬಂದು, "ಇದು ನಿಮಗಿಂತ ಮುದಿ ಅಲ್ವಾ?" ಎಂದಳು. ಆದರೆ ಅವತ್ತೇ ಹೋಗಿ ಹೊಸ ಚೂಡಿದಾರ್ ಬಟ್ಟೆ ತಂದಳು.

ಮೊದಲ ಸವಾರಿ ಅವಳ ತವರಿಗೆ. ಹೋಗುವಾಗಲೇ ತಿರುವುಗಳಲ್ಲಿ ಗಾಡಿ ಒಂದು ಥರ ಎಳೆದಾಡುತ್ತಿತ್ತು. ಬರುವಾಗ ತೋಡೂರಿನ ಹತ್ತಿರ ಒಂದು ತಿರುವಿನಲ್ಲಿ ನಾನು ಎಡಕ್ಕೆ ವಾಲಿಸಿದರೆ ಬೈಕು ಎದ್ದು ನಿಂತು ನೇರ ಹೋಗಲು ನೋಡಿತು. ಹೇಗೋ ಹಿಡಿದು ರಸ್ತೆ ಬದಿಯ ಜಲ್ಲಿಯ ಮೇಲೆ ನಿಲ್ಲಿಸಿದೆ. ತವರಿನವರು ಕಟ್ಟಿಕೊಟ್ಟ ಬಂಗಡೆಯ ಚೀಲ ಹರಿದು ಮೀನೆಲ್ಲ ರಸ್ತೆಯ ಮೇಲೆ ಚೆಲ್ಲಿತು. ಅವಳು ಒಂದೊಂದೇ ಮೀನನ್ನು ಸೆರಗಿಗಲ್ಲ, ಆ ಹೊಸ ವೇಲಿಗೆ ಹಾಕಿಕೊಂಡಳು. ನಾನು ಬೈಕಿಗೆ ಬಾಯಿಗೆ ಬಂದಂತೆ ಬೈದೆ.

ಆಮೇಲೆ ಶುರುವಾಯಿತು ನನ್ನ ರಿಪೇರಿ. ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸಿದೆ. ಟಯರು ಹೊಸದು ಹಾಕಿಸಿದೆ. ಅವಳಿಗೆ ಹಿಡಿತ ಸಾಲುತ್ತಿಲ್ಲವೇನೋ ಎಂದು ಬೆನ್ನಿಗೊಂದು ಒರಗು, ಕಾಲಿಗೆ ಅಗಲವಾದ ಫುಟ್‌ರೆಸ್ಟ್, ಸೀಟಿಗೆ ದಪ್ಪ ಫೋಮು. ಹ್ಯಾಂಡಲ್ ಎತ್ತರಿಸಿದೆ. ನಾನೊಬ್ಬನೇ ಹೋದರೆ ಗಾಡಿ ಬೆಣ್ಣೆ, ಅವಳು ಕೂತರೆ ಅದೇ ಹಾಡು. ಅಂಕೋಲೆಯ ಮೆಕ್ಯಾನಿಕ್ ಕೊನೆಗೆ ಕೈ ಮುಗಿದ. "ಗಾಡಿಲಿ ಎಂತ ದೋಷನೂ ಇಲ್ಲ ಮಾರಾಯ್ರೆ," ಎಂದ. ದಾರಿಯುದ್ದಕ್ಕೂ ಅವನಿಗೂ ಬೈಯುತ್ತ ಮನೆಗೆ ಬಂದೆ. ಅವಳು, "ಬಿಡಿ, ಮಾರಿಬಿಡಿ. ಗುಡ್ಡ ಎಲ್ಲೂ ಓಡಿಹೋಗೂದಿಲ್ಲ," ಎಂದಳು. ಅವಳು ಹಾಗೆ ಸುಲಭವಾಗಿ ಬಿಟ್ಟುಕೊಟ್ಟದ್ದು ನನಗೆ ಸರಿಬರಲಿಲ್ಲ. ಗುಡ್ಡ ಓಡಿಹೋಗುವುದಿಲ್ಲ, ಆದರೆ ನಮ್ಮಿಬ್ಬರ ಮೊಣಕಾಲು ಇನ್ನೆಷ್ಟು ದಿನ ಮಾತು ಕೇಳುತ್ತವೆ?

ದೋಷ ಎಲ್ಲಿದೆ ಎಂದು ಗೊತ್ತಾದದ್ದು ನೀರಿನ ಮೇಲೆ. ದೇವಬಾಗದಲ್ಲಿ ಅವಳ ತಮ್ಮ ಬಲೆ ನೋಡಿಬರಲು ಹೊರಟಿದ್ದ. ನಾವಿಬ್ಬರೂ ದೋಣಿ ಹತ್ತಿದೆವು. ಕಿರಿದಾದ ದೋಣಿ. ಅದು ಮಗುಚದಿರಲೆಂದು ಒಂದು ಬದಿಗೆ ಎರಡು ಬಿದಿರ ಗಳು ಚಾಚಿ, ಅವುಗಳ ತುದಿಗೆ ಉದ್ದನೆಯ ಮರದ ತುಂಡೊಂದನ್ನು ನೀರಿಗೆ ತಾಗುವಂತೆ ಕಟ್ಟಿರುತ್ತಾರೆ. ಅದಕ್ಕೆ ಅವರು ಉಲಾಂಡಿ ಎನ್ನುತ್ತಾರೆ. ಅಳಿವೆಯ ಹತ್ತಿರ ತೆರೆಯೊಂದು ಬಂದು ಉಲಾಂಡಿ ನೀರು ಬಿಟ್ಟು ಮೇಲೆದ್ದಿತು, ದೋಣಿ ಈಚೆ ಬದಿಗೆ ವಾಲಿತು. ನಾನು ಬೈಕಿನವನು, ವಾಲಿದ ಕಡೆಗೇ ಮೈ ಕೊಟ್ಟೆ. ನೀರು ಒಳಗೆ ನುಗ್ಗಿತು.

"ಭಾವಾ, ಆ ಬದಿ ಅಲ್ಲ! ಉಲಾಂಡಿ ಬದಿಗೆ ಬನ್ನಿ, ಮಗಚ್ತದೆ!" ತಮ್ಮ ಕೂಗಿದ.

ತಲೆ ಎತ್ತಿ ನೋಡಿದರೆ ನನ್ನ ಹೆಂಡತಿ ಆಗಲೇ ಮೇಲೆದ್ದ ಗಳುವಿನ ಮೇಲೆ ಹೋಗಿ ಕೂತಿದ್ದಳು. ಯಾರೂ ಹೇಳಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ದೋಣಿಯಲ್ಲಿ ಅವಳ ಕೆಲಸವೇ ಅದಾಗಿತ್ತಂತೆ, ಉಲಾಂಡಿ ಎದ್ದರೆ ಓಡಿಹೋಗಿ ಅದರ ಮೇಲೆ ಭಾರ ಹಾಕುವುದು. ನಾನು ಒದ್ದೆ ಲುಂಗಿ ಹಿಂಡುತ್ತ ಅವಳನ್ನೇ ನೋಡಿದೆ. ಅವಳೂ ನನ್ನನ್ನು ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಬೈಕಲ್ಲೂ ನಾ ಇದ್ನೇ ಮಾಡೂದು," ಎಂದಳು. "ನೀವು ಎಡಕ್ಕೆ ಬಗ್ಗಿಸ್ತ್ರಿ, ನಾ ಬೀಳ್ತದೆ ಅಂತ ಬಲಕ್ಕೆ ಭಾರ ಹಾಕ್ತೆ."

ತಿಳಿದ ಮೇಲೆ ಕಲಿಸಿದರಾಯಿತು ಎಂದುಕೊಂಡೆ. ಹಟ್ಟಿಕೇರಿಯ ಖಾಲಿ ರಸ್ತೆಯಲ್ಲಿ ಅವಳನ್ನು ಕೂರಿಸಿಕೊಂಡು, "ನನ್ನ ಜೊತೆ ವಾಲು, ನನ್ನ ಜೊತೆ ವಾಲು" ಎಂದು ಬಡಿದುಕೊಂಡೆ. ಅವಳೂ ಹಲ್ಲು ಕಚ್ಚಿ ಪ್ರಯತ್ನಿಸಿದಳು. ತಿರುವು ಬಂತೋ, ಅವಳ ಮೈ ಅವಳ ಮಾತೇ ಕೇಳುತ್ತಿರಲಿಲ್ಲ. ನಾನು ಬಸ್ಸಿನ ಪ್ರಯಾಣಿಕರ ಮೇಲೆ ರೇಗುವಂತೆ ರೇಗಿದೆ. ಅವಳು ಇಳಿದು ನಿಂತಳು.

"ನೀರು ಕಲ್ಸಿದ್ದನ್ನ ಮರೀಲಿಕ್ಕೆ ನನ್ನ ಕೈಲಿ ಆಗೂದಿಲ್ಲ. ನನ್ನ ಬದಲ್ಸೂದಕ್ಕಿಂತ ಗಾಡೀನೇ ಬದಲ್ಸಿ. ಅದಕ್ಕೊಂದು ಉಲಾಂಡಿ ಕಟ್ಟಿ!"

ಸಿಟ್ಟಿನಲ್ಲಿ ಹೇಳಿದ್ದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ, ಏಕೆಂದರೆ ಅಂಥದ್ದೊಂದು ಇದೆ ಎಂದು ನನಗೆ ಗೊತ್ತಿತ್ತು. ಹುಬ್ಬಳ್ಳಿಯ ಗುಜರಿಗಳನ್ನೆಲ್ಲ ಜಾಲಾಡಿ ಒಂದು ಹಳೆಯ ಸೈಡ್ ಕಾರ್ ಹುಡುಕಿ ತಂದೆ. ಬೈಕಿನ ಎಡಕ್ಕೆ ಜೋಡಿಸುವ, ಒಂದೇ ಚಕ್ರದ, ಒಬ್ಬರು ಕೂರುವ ತೊಟ್ಟಿ. ಕೈ ಮುಗಿದಿದ್ದ ಅದೇ ಮೆಕ್ಯಾನಿಕ್ ಅದಕ್ಕೆ ಹೊಸ ಕಬ್ಬಿಣ ಕೊಟ್ಟು ಬೆಸುಗೆ ಹಾಕಿದ. ಸಾರಿಗೆ ಕಚೇರಿಯ ಒಪ್ಪಿಗೆ ಸಿಗುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ತಮ್ಮನ ದೋಣಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅವಳೇ ಬಳಿದಳು. ಹೊಸ ದೋಣಿ ನೀರಿಗಿಳಿಸುವಾಗ ಮಾಡುವಂತೆ ಮೂತಿಗೆ ಹೂ ಕಟ್ಟಿ, ತೆಂಗಿನಕಾಯಿ ಒಡೆದಳು. ದೋಣಿಯನ್ನು ಮೆಟ್ಟು ಹಾಕಿ ಹತ್ತಬಾರದೆಂದು ನನ್ನ ಮೆಟ್ಟನ್ನೂ ಬಿಡಿಸಿದಳು.

ಹೊರಟ ದಿನ ಮೊದಲ ಎಡ ತಿರುವಿನಲ್ಲೇ ಸೈಡ್ ಕಾರಿನ ಚಕ್ರ ನೆಲ ಬಿಟ್ಟು ಎದ್ದಿತು. ಅಷ್ಟರಲ್ಲಿ ಅವಳು ಮೈಯನ್ನೆಲ್ಲ ಎಡಕ್ಕೆ ಹೊರಚಾಚಿದ್ದಳು. ಚಕ್ರ ಮೆತ್ತಗೆ ನೆಲಕ್ಕೆ ಕೂತಿತು. "ನಿಧಾನ ಹೊಡೀರಿ! ಉಲಾಂಡಿ ನಾ ನೋಡ್ಕಂತೆ," ಎಂದು ಕೂಗಿದಳು. ಮೂರು ಚಕ್ರದ ಗಾಡಿಯನ್ನು ವಾಲಿಸುವ ಹಾಗಿಲ್ಲ, ಬಸ್ಸಿನಂತೆ ತಿರುಗಿಸಬೇಕು. ಅದು ನನಗೆ ಗೊತ್ತಿದ್ದ ವಿದ್ಯೆಯೇ. ಅವಳಿಗೆ ಹೊಟ್ಟೆ ತೊಳೆಸಲಿಲ್ಲ. ಅಂಕೋಲೆ ದಾಟುವಾಗ ಪೇಟೆಯವರೆಲ್ಲ ನಿಂತು ನೋಡಿದರು, ಅವಳು ಕೈ ಬೀಸಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಸುಮ್ಮಸುಮ್ಮನೆ ಹಾರ್ನ್ ಹೊಡೆದೆ.

ಗಂಗಾವಳಿಯ ಸೇತುವೆ ದಾಟಿ ಬಹಳ ದೂರ ಬಂದ ಮೇಲೆ ಅವಳು ನನ್ನ ತೊಡೆ ತಟ್ಟಿ ನಿಲ್ಲಿಸಲು ಹೇಳಿದಳು. ಬಲಗಡೆ, ಸಮುದ್ರಕ್ಕೆ ಅಡ್ಡವಾಗಿ, ತುದಿ ಸೀಳಿದ ಗುಡ್ಡವೊಂದಿತ್ತು. ಒಂದು ತಲೆ ದೊಡ್ಡದು, ಒಂದು ಸಣ್ಣದು. ಅವಳು ಇಳಿದು ಬಂದು ಬೈಕಿನ ಟ್ಯಾಂಕಿಗೆ ಒರಗಿ ನಿಂತಳು.

"ದೊಡ್ಡ ತಲೆ ಎಡಕ್ಕೆ, ಸಣ್ಣದು ಬಲಕ್ಕೆ ಅಂತಿದ್ದ ಅಪ್ಪ. ಇಲ್ಲಿ ತಿರುವುಮುರುವು," ಎಂದಳು. ಮತ್ತೆ ಗುಡ್ಡದ ಕಡೆ ನೋಡಿ, "ಬೆನ್ನಲ್ವಾ, ಹಾಗೇ ಕಾಣ್ಬೇಕು," ಎಂದಳು. ಕಣ್ಣು ಒರೆಸಿಕೊಂಡಳು.

ಎಷ್ಟು ವರ್ಷ ಬಸ್ಸು ಹೊಡೆದಿದ್ದೆ ಆ ದಾರಿಯಲ್ಲಿ! ಆ ಗುಡ್ಡಕ್ಕೊಂದು ಹೆಸರಿದೆಯೆಂದೇ ನನಗೆ ಗೊತ್ತಿರಲಿಲ್ಲ.

"ಇದೇ ಕಡೇದು. ಇದು ಕಂಡ್ರೆ ಅಪ್ಪ ದೋಣಿ ಮನೆ ಕಡೆ ತಿರುಗಿಸ್ತಿದ್ದ."

"ಹಾಗಾದ್ರೆ ನಾವೂ ತಿರುಗಿಸೂದಾ?" ಎಂದೆ.

ಅವಳು ತೊಟ್ಟಿಯೊಳಗೆ ಹತ್ತಿ ಕೂತು, ವೇಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡಳು.

"ಎಂತಕ್ಕೆ? ಇಲ್ಲಿಂದ ಆಚೆ ಗುಡ್ಡಗಳ ಹೆಸರು ಅಪ್ಪಂಗೂ ಗೊತ್ತಿರ್ಲಿಲ್ಲ. ನಡೀರಿ, ನಾವೇ ಇಡ್ವ."