ಖಾಲಿ ಬಾರದ ಡಬ್ಬಿಗಳು

ಕಮರಿಪೇಟೆಯಲ್ಲಿ ನನ್ನದೊಂದು ರೊಟ್ಟಿ ಅಂಗಡಿ. ಹೆಬ್ಬಳ್ಳಿಯ ಹೆಣ್ಣುಮಕ್ಕಳು ಬಡಿದ ಖಡಕ್ ರೊಟ್ಟಿ ಟೆಂಪೋದಲ್ಲಿ ಬರುತ್ತದೆ, ನಾನು ಮನೆಮನೆಗೆ ಕಳಿಸುತ್ತೇನೆ. ಮೊದಲೆಲ್ಲ ಪ್ಲಾಸ್ಟಿಕ್ ಚೀಲದಲ್ಲೇ. ಅಂಗಡಿ ಹಿಂದಿನ ಗಟಾರು ಆ ಚೀಲಗಳಿಂದ ಕಟ್ಟಿಕೊಂಡ ದಿನ ನನಗೆ ತಲೆ ಕೆಟ್ಟಿತು. ಇದ್ದಬದ್ದ ದುಡ್ಡನ್ನೆಲ್ಲ ಸುರಿದು ಸ್ಟೀಲ್ ಡಬ್ಬಿ ತಂದೆ. ರೊಟ್ಟಿ ಹೆಬ್ಬಳ್ಳಿಯಲ್ಲೇ ಡಬ್ಬಿ ಸೇರಬೇಕು, ಮನೆ ಮುಟ್ಟಬೇಕು, ಡಬ್ಬಿ ಮರಳಬೇಕು.

ರೊಟ್ಟಿ ಹೋಯಿತು. ಡಬ್ಬಿ ಬರಲಿಲ್ಲ.

"ನಿನ್ನ ಡಬ್ಬಿ ಎಲ್ಲಾರ ಮನ್ಯಾಗ ಸಂಸಾರ ಹೂಡ್ಯಾವ," ಎಂದು ನನ್ನ ಗಂಡ ನಕ್ಕರು. ಕಾರ್ಖಾನೆಗೆ ಹೊರಟವರು, ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವರಿಗೇನು, ನಗುತ್ತಾರೆ! ನನ್ನ ಕಪಾಟು ಬರಿದಾಗಿತ್ತು. ಅವತ್ತು ಡಬ್ಬಿ ಸಿಗದಿದ್ದರೆ ಮತ್ತೆ ಪ್ಲಾಸ್ಟಿಕ್ಕೇ ಗತಿ.

ಸಿಟ್ಟು ನೆತ್ತಿಗೇರಿ ಪಕ್ಕದ ಓಣಿಯ ಗಿರಾಕಿ ಅಜ್ಜಿಯ ಮನೆಗೆ ನಡೆದೆ. ಡಬ್ಬಿ ಲಕಲಕ ಹೊಳೆಯುತ್ತ ಗೋಡೆಯ ಗೂಡಿನಲ್ಲಿ ಕೂತಿತ್ತು.

"ಅಜ್ಜಿ, ಡಬ್ಬಿ ಯಾಕ ಕಳಿಸಿಲ್ರಿ?"

"ಖಾಲಿ ಡಬ್ಬಿ ಹೆಂಗ ಕಳಸೂದವಾ? ಶೇಂಗಾ ಹೋಳಿಗಿ ಮಾಡಿ ಹಾಕಿ ಕಳಸೂಣು ಅಂತ ಇಟ್ಟೇನಿ. ಮೊಣಕಾಲ ಬ್ಯಾನಿ, ಏಳಾಕ ಆಗವಲ್ದು."

ಮುಂದಿನ ಮನೆಯಲ್ಲೂ ಅದೇ ಮಾತು. ಅದರಾಚೆಯ ಮನೆಯಲ್ಲೂ ಅದೇ. ನಾನು ಕಳ್ಳರು ಎಂದುಕೊಂಡವರೆಲ್ಲ, ಖಾಲಿ ಕಳಿಸಲು ನಾಚಿಕೊಂಡು ನನ್ನ ಡಬ್ಬಿಗಳನ್ನು ಜೋಪಾನ ಮಾಡಿದ್ದರು. ಓಣಿಯ ನಡುವೆ ಬೆರಗಾಗಿ ನಿಂತುಬಿಟ್ಟೆ.

"ಹೋಳಿಗಿ ಬ್ಯಾಡ್ರಿ. ಒಂದ ಹಿಡಿ ಜ್ವಾಳ ಹಾಕ್ರಿ, ಸಾಕು," ಎಂದು ಎಲ್ಲ ಮನೆಗೂ ಹೇಳಿ ಬಂದೆ.

ಸಂಜೆಯೊಳಗೆ ಡಬ್ಬಿಗಳು ಬಂದವು. ಒಂದೊಂದರಲ್ಲೂ ಹಿಡಿ ಜೋಳ. ಅಜ್ಜಿಯ ಡಬ್ಬಿಯಲ್ಲಿ ಜೋಳದ ಮೇಲೊಂದು ಬೆಲ್ಲದ ಚೂರು. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದೆ, ಚೀಲದ ಬಾಯಿ ಕಟ್ಟಲು ಬರಲಿಲ್ಲ. ಇಷ್ಟು ದಿನ ಖಾಲಿ ಹೋಗುತ್ತಿದ್ದ ಟೆಂಪೋ ಈಗ ಡಬ್ಬಿ, ಜೋಳ ಎರಡನ್ನೂ ಹೊತ್ತು ಹೆಬ್ಬಳ್ಳಿಗೆ ಹೋಯಿತು. ಅಲ್ಲಿ ಆ ಜೋಳವೇ ಹಿಟ್ಟಾಗಿ, ರೊಟ್ಟಿಯಾಗಿ, ಅವೇ ಡಬ್ಬಿಗಳಲ್ಲಿ ಅವೇ ಮನೆಗಳಿಗೆ ಮರಳಿತು. ಯಾರ ಜೋಳ ಯಾರ ತಾಟಿಗೆ ಬಂತೋ, ದೇವರೇ ಬಲ್ಲ.

ಗಂಡನಿಗೆ ಇದನ್ನೆಲ್ಲ ಹೇಳಿದೆ. ಆ ರೊಟ್ಟಿಯನ್ನೇ ಬುತ್ತಿಗೆ ಕಟ್ಟಿದೆ. ಅವರು ಕೆಲಸಕ್ಕೆ ಹೋದರು, ಬಂದರು, ಚೀಲ ಮೂಲೆಗಿಟ್ಟು ಕೈಕಾಲು ತೊಳೆಯಲು ಹಿತ್ತಲಿಗೆ ನಡೆದರು.

ತಿಕ್ಕಲೆಂದು ಅವರ ಬುತ್ತಿ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಒಂದು ಹಿಡಿ ಜೋಳವಿತ್ತು.