ಹಾಯ್ಸ್ಟ್ ಎಂದು ಕೂಗಿದವನು ನಾನೇ

೧೯೬೭. ಶಹಾಬಾದ್ ಹತ್ತಿರದ ಒಂದು ಸುಣ್ಣಕಲ್ಲಿನ ಗಣಿಯಲ್ಲಿ ನಾನು ಜೂನಿಯರ್ ಸೂಪರ್‌ವೈಸರ್. ವಯಸ್ಸು ಇಪ್ಪತ್ನಾಲ್ಕು, ಇಂಗ್ಲಿಷ್ ಬರುತ್ತದೆಂಬ ಸೊಕ್ಕು ಬೇರೆ.

ನಲವತ್ತು ಅಡಿ ಆಳದ ತಳದಲ್ಲಿ ಭೀಮಶಾ ಕಲ್ಲಿಗೆ ಸರಪಳಿ ಬಿಗಿಯುತ್ತಿದ್ದ. ಮೇಲೆ ಶೆಡ್ಡಿನಲ್ಲಿ ಮೆಹಬೂಬಸಾಬರು ವಿಂಚ್ ನಡೆಸುತ್ತಿದ್ದರು. ವಿಂಚ್ ಎಂದರೆ ಉಕ್ಕಿನ ಹಗ್ಗ ಸುತ್ತಿ ಭಾರ ಎತ್ತುವ ಯಂತ್ರ. ಶೆಡ್ಡಿನಿಂದ ತಳ ಕಾಣದು. ಕೂಗು ಕೇಳಿಯೇ ಕೆಲಸ. ಹಾಯ್ಸ್ಟ್ ಎಂದರೆ ಎತ್ತು, ಲೋವರ್ ಎಂದರೆ ಇಳಿಸು. ಇವೆರಡನ್ನೂ ಅಂಚಿನಲ್ಲಿ ನಿಂತ ಸೂಪರ್‌ವೈಸರ್ ಮಾತ್ರ ಕೂಗಬೇಕು. ಸ್ಟಾಪ್ ಅನ್ನು ಯಾರು ಬೇಕಾದರೂ ಕೂಗಬಹುದು.

ಒಂದು ಬೆಳಿಗ್ಗೆ ಮುಧೋಳದಿಂದ ಇಬ್ಬರು ಹೊಸಬರು ಕೆಲಸಕ್ಕೆ ಬಂದರು. ಅಂಚಿನಲ್ಲೇ ನಿಲ್ಲಿಸಿಕೊಂಡು, ಹಾಯ್ಸ್ಟ್ ಎಂದರೇನೆಂದು ಪಾಠ ಶುರು ಮಾಡಿದೆ. ಒಬ್ಬ ಕೇಳಿದ: "ಝೆಂಡಾ ಏರಸ್ತಾರಲ್ರಿ, ಅದೇ ಏನ್ರಿ?"

ನನಗೆ ಹಿಗ್ಗೋ ಹಿಗ್ಗು. "ಶಭಾಷ್! ಝೆಂಡಾಕ್ಕೂ ಅದೇ ಶಬ್ದ, ಕಲ್ಲಿಗೂ ಅದೇ. ನಾ ಹಿಂಗ ಗಟ್ಟಿಯಾಗಿ ಕೂಗ್ತೀನಿ ನೋಡ್ರಿ. ಹಾಯ್ಸ್ಟ್!"

ವಿಂಚ್ ಗುಡುಗಿತು. ತಳದಿಂದ "ಯಪ್ಪಾ!" ಎಂಬ ಚೀತ್ಕಾರ. ಬಗ್ಗಿ ನೋಡಿದರೆ ಭೀಮಶಾನ ಕೈ ಸರಪಳಿಗೂ ಕಲ್ಲಿಗೂ ನಡುವೆ! ಕಲ್ಲು ಏಳುತ್ತಿತ್ತು, ಅವನು ತುದಿಗಾಲಲ್ಲಿ ಜೋತುಬಿದ್ದಿದ್ದ. ಶಿವನೇ, ನಿಲ್ಲಿಸು ಎನ್ನಬೇಕಾದ ನಾನು ಬಗ್ಗಿ ನೋಡುತ್ತಲೇ ನಿಂತೆ. ಕೊನೆಗೆ "ಸ್ಟಾಪ್!" ಎಂದು ಕೂಗಿದವನು ಭೀಮಶಾನೇ.

ಎರಡು ಬೆರಳು ಹೋದವು.

ಮೆಹಬೂಬಸಾಬರು ಓಡಿಬಂದರು. "ನೀವು ಅಂದ್ರಿ, ನಾ ಎತ್ತಿದೆ. ಪಾಠ ಹೇಳ್ಲಿಕತ್ತೀರಿ ಅಂತ ನಂಗ ಹ್ಯಾಂಗ ಗೊತ್ತಾಗಬೇಕ್ರಿ ಸಾಹೇಬ್ರ?"

ಮಧ್ಯಾಹ್ನ ಮ್ಯಾನೇಜರು ವರದಿಯ ಹಾಳೆ ನನ್ನ ಮುಂದೆ ಸರಿಸಿದರು. "ಆಪರೇಟರ್ ತಪ್ಪು ಅಂತ ಬರೀರಿ. ನಿಮ್ಮ ನೌಕರಿ ಉಳೀತದ." ನಿಜ ಹೇಳುತ್ತೇನೆ, ಹಾಗೇ ಬರೆದುಬಿಡೋಣ ಎಂದು ಪೆನ್ನು ಹಿಡಿದೆ. ಐದು ಮಕ್ಕಳ ತಂದೆ ಮೆಹಬೂಬಸಾಬರು ಬಾಗಿಲ ಹೊರಗೆ ನಿಂತಿದ್ದರು. ತಪ್ಪಿನ ಜಾಗದಲ್ಲಿ ನನ್ನ ಹೆಸರು ಬರೆದೆ. ಎರಡು ವರ್ಷ ಬಡ್ತಿ ತಡೆದರು. ಅದು ಏನೂ ಅಲ್ಲ.

ಮರುದಿನ ದವಾಖಾನೆಗೆ ಹೋದೆ. ಬೈಯುತ್ತಾನೆ, ಬೈಯಲಿ ಎಂದುಕೊಂಡಿದ್ದೆ. ಭೀಮಶಾ ಬ್ಯಾಂಡೇಜಿನ ಕೈ ಎದೆಯ ಮೇಲಿಟ್ಟುಕೊಂಡು ಕೇಳಿದ್ದು ಒಂದೇ ಮಾತು:

"ಆ ಹೊಸಾ ಮಂದಿಗಿ ಸ್ಟಾಪ್ ಅನ್ನೋದು ಕಲಿಸೀರಿಲ್ರಿ ಸಾಹೇಬ್ರ? ಅವರು ಭಾಳ ಸಣ್ಣವರು ಅದಾರ."

ಕಲಿಸಿರಲಿಲ್ಲ. ಮುಂದೆ ಇಪ್ಪತ್ತೆಂಟು ವರ್ಷ ಎಷ್ಟೋ ಹೊಸಬರಿಗೆ ಕೆಲಸ ಹೇಳಿಕೊಟ್ಟೆ. ನಿಲ್ಲಿಸುವುದನ್ನು ಕಲಿಸದೆ ಎತ್ತುವುದನ್ನು ಯಾರಿಗೂ ಕಲಿಸಲಿಲ್ಲ.