ಪಕ್ಕದ ಹಲಗೆ

ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ನನ್ನ ಬಲಗಡೆಯ ಹಲಗೆ ಮಳೆಗಾಲ ಕಳೆದ ಮೇಲೂ ಖಾಲಿಯೇ ಇದೆ. ಹೊಸಬರು ಯಾರಾದರೂ ಅಲ್ಲಿ ಬುಟ್ಟಿ ಇಡಲು ಬಂದರೆ, "ಹ್ವಾಯ್, ಅಲ್ಲ್ ಜನ ಇತ್ತ್" ಎನ್ನುತ್ತೇನೆ. ಜನ ಇಲ್ಲ. ಅಲ್ಲಿ ಕೂತು ಮಾರುತ್ತಿದ್ದವಳು ಬೈಂದೂರು ಕಡೆ ತಾಯಿಮನೆಯಲ್ಲಿದ್ದಾಳೆ.

ಬೀಜಾಡಿಯ ಮನೆಮನೆಗೆ ಬುಟ್ಟಿ ಹೊತ್ತು ವ್ಯಾಪಾರ ಕಲಿತವಳು ನಾನು. ಗಿರಾಕಿಯ ಕಣ್ಣು ನೋಡಿ ರೇಟು ಹೇಳುತ್ತೇನೆ. ಅವಳಿಗೆ ಅದು ಬರುತ್ತಿರಲಿಲ್ಲ. ಯಾರಾದರೂ ಮುಖ ಸಣ್ಣ ಮಾಡಿದರೆ ಸಾಕು, ಎರಡು ಬಂಗುಡೆ ಹೆಚ್ಚಿಗೆ ಹಾಕಿಬಿಡುವಳು. "ನೀನ್ ಮೀನ್ ಮಾರುದಾ, ದಾನ ಮಾಡುದಾ?" ಎಂದು ಬೈದರೆ ಬಾಯಿಗೆ ಸೆರಗು ಹಿಡಿದು ನಗುವಳು. ಆ ನಗು ಕೇಳದೆ ನನಗೆ ವ್ಯಾಪಾರವೇ ಸಪ್ಪೆ.

ಅವಳಿಗೆ ಗಂಡ ಹೊಡೆಯುವುದು ಎಲ್ಲರಿಗೂ ಗೊತ್ತಿತ್ತು. ಮೊದಲ ಸಲ ಆಸ್ಪತ್ರೆಯಲ್ಲಿ, ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ ಎಂದಳು. ಹಾಗೆ ಹೇಳಬೇಡಿ, ಹೆಣ್ಣುಮಕ್ಕಳೇ. ಡಾಕ್ಟರ ಮುಂದೆ ಆದದ್ದನ್ನು ಆದ ಹಾಗೇ ಹೇಳಿ, ಬರೆಸಿ. ನಾಳೆ ನಿಮ್ಮ ಮಾತಿಗೆ ಅದೇ ಬಲ. ಮುಂದಿನ ಸಲ ಅವನು ಮಾರುಕಟ್ಟೆಗೇ ನುಗ್ಗಿ, ಗಿರಾಕಿಗಳ ಎದುರೇ ಅವಳ ಜುಟ್ಟು ಹಿಡಿದು ಎಳೆದ. ಮೀನು ಕೊಯ್ಯುವ ಕೈಯ ಮಣಿಕಟ್ಟು ಮುರಿಯಿತು. ಅವತ್ತು ನಿಜ ಹೇಳಿದಳು. ಕೇಸಾಯಿತು. ಅವನು ಈ ಮಾರುಕಟ್ಟೆಯ ಹತ್ತಿರ ಸುಳಿಯಬಾರದು ಎಂದು ಕೋರ್ಟಿನಲ್ಲಿ ಕೇಳಿದ್ದಾಳೆ. ಆ ಆದೇಶ ಸಿಗುವ ತನಕ ಇಲ್ಲಿ ಬೆನ್ನು ತಿರುಗಿಸಿ ಕೂರಲು ಅವಳಿಗೆ ಧೈರ್ಯವಿಲ್ಲ.

ಮೊನ್ನೆ ಸಂಜೆ ಅವಳ ಗಂಡನ ಅಣ್ಣ ಬಂದ. ಸಂಜೆಗೆ ಐಸು ಕರಗುತ್ತದೆ, ನಾವು ಬಂದ ಬೆಲೆಗೆ ಬಿಡುತ್ತೇವೆ. ಮೀನಿನವರ ಮನೆಯ ಗಂಡಸಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ?

"ಅಕ್ಕ, ಕೇಸ್ ವಾಪಸ್ ತೆಗುಕ್ ಹೇಳಿ. ನಿಮ್ ಮಾತ್ ಆ ಹೆಣ್ಣ್ ಕೇಂತ್ತ್."

"ಎಂತಕ್ಕೆ ಕೇಣ್ಕ್?"

"ನಮ್ಗ್ ಊರಂಗೆ ಮರ್ಯಾದಿ ಇತ್ತಲೆ. ಹತ್ ಜನ್ರ ಎದ್ರ್ ಅವ ತಪ್ಪಾಯ್ತ್ ಅಂತ ಹೇಳ್ತ. ರಾಜಿ ಮಾಡ್ಸಿ. ಚೌಕಾಶಿ ನಿಮ್ಗ್ ನಾ ಹೇಳಿ ಕೊಡ್ಕಾ?"

"ಜುಟ್ಟ್ ಹಿಡುವತಿಗೆ ಆ ಮರ್ಯಾದಿ ಎಲ್ಲಿಗ್ ಹೋಯಿತ್?"

"ಎಷ್ಟ್ ದಿನ ಅಂತ ಕೋರ್ಟಿಗ್ ತಿರ್ಗತ್ತ್? ಸುಸ್ತಾತ್ತ್ ಕಾಣಿ."

ಆಗ ಅವರ ಲೆಕ್ಕ ತಿಳಿಯಿತು. ವಾಯಿದೆಯ ಮೇಲೆ ವಾಯಿದೆ ಕೇಳಿ, ಅವಳಿಗೂ ಸಂಜೆಯಾಗಲಿ ಎಂದು ಕಾಯುತ್ತಿದ್ದಾರೆ. ಆಟೋದವನ ಹತ್ತಿರವೂ ಚೌಕಾಶಿ ಮಾಡದೆ ಹತ್ತದವಳು ನಾನು. ಇದೊಂದಕ್ಕೆ ಮಾಡಲಿಲ್ಲ.

"ಇದ್ ಬಂಗ್ಡಿ ಅಲ್ಲ ಮಾರಾಯ, ಹೊತ್ತ್ ಕಂತ್ರೂ ರೇಟ್ ಇಳಿತಿಲ್ಲೆ. ಕಂಡದ್ದ್ ನಾನ್. ಕೋರ್ಟಂಗೂ ಅದನ್ನೇ ಹೇಳ್ತೆ. ನಡಿ."

ಸಾಲಿನ ಹೆಂಗಸರೆಲ್ಲ ಕತ್ತಿ ನಿಲ್ಲಿಸಿ ಅವನನ್ನೇ ನೋಡಿದರು. ಅವನು ಹೋದ.

ಕೂಡಲೇ ಅವಳಿಗೆ ಫೋನು ಮಾಡಿ ಹೇಳಿದೆ.

"ಎಷ್ಟಕ್ ಬಿಟ್ರಿ ಅಕ್ಕ?" ಎಂದು ನಕ್ಕಳು. ಅದೇ ನಗು, ಅಷ್ಟು ದೂರದಿಂದ. ಆಮೇಲೆ ಹೇಳಿದಳು, "ಫೋನ್ ಕಟ್ ಮಾಡ್ಬೇಡಿ. ನನ್ ಹಲ್ಗಿ ಮೇಲ್ ಇಡಿ. ಚೂರ್ ಹೊತ್ತ್ ಕೇಂತೆ."

ಹಲಗೆಯನ್ನು ಸೆರಗಿನಿಂದ ಒರೆಸಿ ಇಟ್ಟೆ. ಐಸು ಒಡೆಯುವ ಸದ್ದು, ಕತ್ತಿಯ ಸದ್ದು, ಜಗಳ, ಎಲ್ಲವೂ ಅವಳಿಗೆ ಹೋಗಲಿ ಎಂದು ಬಿಟ್ಟೆ. ಆಮೇಲೆ ಗಿರಾಕಿ ಇಲ್ಲದಿದ್ದರೂ ಬಂಗುಡೆಯ ರೇಟು ಗಟ್ಟಿಯಾಗಿ ಕೂಗಿದೆ.

"ಜಾಸ್ತಿ ಆಯ್ತ್ ಅಕ್ಕ, ಇಳ್ಸಿ" ಎಂದಿತು ಫೋನು.

ಇಳಿಸಲಿಲ್ಲ. ಅವಳೇ ಬಂದು ಕೂತು ಇಳಿಸಲಿ.